ಕೋಡಿಯಕ್ಕರೆಯ ಕುದುರೆಗಳು

ಮುಪ್ಪಿನಲ್ಲಿ ಮಗಳ ಮನೆಗೆ ಹೋಗಿ ಹದಿನೈದು ದಿನ ಕುಳಿತ ಗಂಡಸಿಗೆ ಇರುವ ಉದ್ಯೋಗಗಳು ಎರಡೇ. ವೃತ್ತಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ಜಾಹೀರಾತಿನವರೆಗೆ ಓದುವುದು ಒಂದು. ಬೇರೆಯವರು ಏರ್ಪಡಿಸಿದ ಪ್ರಯಾಣಗಳಿಗೆ ‘ಆಗಲಿ’ ಎಂದು ತಲೆಯಾಡಿಸುವುದು ಇನ್ನೊಂದು. ಕಳೆದ ಸಂಕ್ರಾಂತಿಯ ಸಮಯದಲ್ಲಿ ತಂಜಾವೂರಿನ ಮಗಳ ಮನೆಯಲ್ಲಿದ್ದು ನಾನು ಈ ಎರಡು ಉದ್ಯೋಗಗಳನ್ನೂ ಲೋಪವಿಲ್ಲದೆ ನಡೆಸುತ್ತಿದ್ದೆನು. ಬೃಹದೀಶ್ವರನ ದರ್ಶನ ಮೂರು ಸಾರಿ ಆಗಿದ್ದಿತು. ಸರಸ್ವತೀ ಮಹಲಿನ ಗ್ರಂಥಭಂಡಾರವನ್ನು ನೋಡಿ, ತಾಳೆಯೋಲೆಗಳ ಮುಂದೆ ತಿಳಿದವನಂತೆ ನಿಂತು ಬಂದದ್ದೂ ಆಗಿದ್ದಿತು. ಇನ್ನು ಬಾಕಿ ಉಳಿದುದು ಊರಿಗೆ ಮರಳುವುದು ಎಂದುಕೊಂಡಿದ್ದಾಗ ಅಳಿಯಂದಿರು, “ಮಾವನವರೆ, ನಾಳೆ ಕೋಡಿಯಕ್ಕರೆಗೆ ಹೋಗಿಬರೋಣವೆ? ಮುಂಜಾನೆ ಹೊರಟರೆ ರಾತ್ರಿಯ ಊಟಕ್ಕೆ ಮನೆ ಸೇರಬಹುದು” ಎಂದರು.

ಅಲ್ಲಿ ನೋಡತಕ್ಕದ್ದೇನಿದೆಯೆಂದು ಕೇಳಿದೆನು. ಅವರು ಗಣಿತದ ಅಧ್ಯಾಪಕರು. ಯಾವ ಪ್ರಶ್ನೆಗೂ ಕ್ರಮವಾಗಿ ಉತ್ತರ ಹೇಳುವ ಅಭ್ಯಾಸ. ಕಡಲಿದೆ, ಕಾಡಿದೆ, ಕೃಷ್ಣಮೃಗಗಳಿವೆ ಎಂದು ಬೆರಳು ಮಡಿಸುತ್ತಿದ್ದಂತೆ ಎಂಟು ವರ್ಷದ ಮೊಮ್ಮಗನು ನಡುವೆ ಬಾಯಿ ಹಾಕಿ, “ಕುದುರೆಗಳಿವೆ ತಾತ! ಯಾರೂ ಕಟ್ಟಿಹಾಕದ ಕುದುರೆಗಳು!” ಎಂದನು.

ನಾನು ಒಡನೆಯೆ ತಲೆಯಾಡಿಸಲಿಲ್ಲ. ಕುದುರೆಯ ಮಾತು ಬಂದರೆ ನನ್ನ ಮನಸ್ಸು ಒಂದು ಹೆಜ್ಜೆ ಹಿಂದೆಗೆಯುತ್ತದೆ. ಅದಕ್ಕೆ ಕಾರಣವುಂಟು, ಮುಂದೆ ಹೇಳುವೆನು. ಆಗ ಮಾತ್ರ ಮೊಣಕಾಲ ನೋವನ್ನು ಮುಂದೊಡ್ಡಿದೆನು. ಆದರೆ ನನ್ನ ಮನೆಯಾಕೆಯು ಅಷ್ಟರಲ್ಲೇ ಪುಳಿಯೋಗರೆಗೆ ಹುಣಿಸೆಹಣ್ಣನ್ನು ನೆನೆಹಾಕಿಬಿಟ್ಟಿದ್ದಳು. ನಮ್ಮ ಮನೆಯಲ್ಲಿ ಹುಣಿಸೆಹಣ್ಣು ನೆಂದ ಮೇಲೆ ಪ್ರಯಾಣವು ನಿಂತ ದೃಷ್ಟಾಂತವಿಲ್ಲ.

ತಂಜಾವೂರಿನಿಂದ ಕೋಡಿಯಕ್ಕರೆಗೆ ಸುಮಾರು ೧೧೦ ಕಿಲೋಮೀಟರು ದಾರಿ. ಮನ್ನಾರುಗುಡಿ, ತಿರುತ್ತುರೈಪೂಂಡಿ, ವೇದಾರಣ್ಯಗಳ ಮೇಲೆ ಹಾದು ಹೋಗಬೇಕು. ಮಂಜು ಇನ್ನೂ ಗದ್ದೆಗಳ ಮೇಲೆ ಮಲಗಿದ್ದಿತು. ಕಣ್ಣು ಹಾಯುವಷ್ಟು ದೂರ ತೆನೆ ಬಾಗಿದ ಬತ್ತ, ನಡುನಡುವೆ ಕಾಲುವೆ, ಕಾಲುವೆಯ ದಂಡೆಯಲ್ಲಿ ಹಿಂದಿನ ದಿನ ಮಾಟ್ಟುಪ್ಪೊಂಗಲಿಗೆ ಕೊಂಬಿಗೆ ಬಣ್ಣ ಬಳಿಸಿಕೊಂಡ ಎತ್ತುಗಳು ಆ ಬಣ್ಣವನ್ನೇ ತೊಟ್ಟು ಎಂದಿನ ಕೆಲಸಕ್ಕೆ ಹೊರಟಿದ್ದುವು. ನಾನು ಹುಟ್ಟಿ ಬೆಳೆದ ಊರು ಹೇಮಾವತಿಯ ದಂಡೆಯದು. ಹೇಮಾವತಿಯು ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಆ ಕಾವೇರಿಯೇ ಇಲ್ಲಿ ನೂರು ಸೀಳಾಗಿ ಈ ಗದ್ದೆಗಳಿಗೆಲ್ಲ ಹರಿಯುತ್ತದೆ. ಈ ನೀರಿನಲ್ಲಿ ನಮ್ಮೂರ ಸೋಪಾನದ ಮೇಲೆ ಒಗೆದ ಬಟ್ಟೆಯ ಕೊಳೆಯೂ ಸ್ವಲ್ಪ ಇದ್ದೀತೆಂದು ನಾನೆಂದಾಗ ಮಗಳು, “ಅಣ್ಣ, ಮಕ್ಕಳ ಮುಂದೆ ಇಂಥದನ್ನು ಹೇಳಬೇಡಿ, ನೀರು ಕುಡಿಯುವುದನ್ನೇ ಬಿಟ್ಟಾರು” ಎಂದಳು.

ವೇದಾರಣ್ಯದಲ್ಲಿ ಈಶ್ವರನ ಗುಡಿಯ ಮುಂದೆ ಸ್ವಲ್ಪ ಹೊತ್ತು ನಿಂತೆವು. ವೇದಗಳೇ ಇಲ್ಲಿ ಪೂಜೆ ಮಾಡಿ ಬಾಗಿಲು ಮುಚ್ಚಿಕೊಂಡು ಹೋದುವಂತೆ. ಬಹುಕಾಲದ ಮೇಲೆ ಅಪ್ಪರ್ ಎಂಬ ಶಿವಭಕ್ತರು ಹಾಡಿದಾಗ ಬಾಗಿಲು ತೆರೆಯಿತು. ಜತೆಗಿದ್ದ ಸಂಬಂಧರು ಹಾಡಿದಾಗ ಮತ್ತೆ ಮುಚ್ಚಿತು. ತೆರೆಯಲು ಅಪ್ಪರರಿಗೆ ಹತ್ತು ಪದ್ಯಗಳು ಬೇಕಾದುವು, ಮುಚ್ಚಲು ಸಂಬಂಧರಿಗೆ ಒಂದೇ ಸಾಕಾಯಿತು ಎಂದು ಸ್ಥಳಪುರಾಣ. ಅಳಿಯಂದಿರು ಇದನ್ನು ವಿನೋದಕ್ಕೆಂದು ಹೇಳಿದರು. ಅದು ನನ್ನ ಮನಸ್ಸಿನಲ್ಲಿ ಆ ದಿನವೆಲ್ಲ ಉಳಿಯಿತು.

ಅಲ್ಲಿಂದ ಮುಂದೆ ಅಗಸ್ತ್ಯಂಪಳ್ಳಿ. ಬತ್ತದ ಗದ್ದೆಗಳು ಮುಗಿದು ಉಪ್ಪಿನ ಮಡಿಗಳು ಮೊದಲಾಗುತ್ತವೆ. ೧೯೩೦ರ ಏಪ್ರಿಲ್ ೧೩ರಂದು ರಾಜಾಜಿಯವರು ತಿರುಚಿರಾಪಳ್ಳಿಯಿಂದ ಸುಮಾರು ನೂರು ಮಂದಿ ಸ್ವಯಂಸೇವಕರೊಡನೆ ಕಾಲ್ನಡಿಗೆಯಲ್ಲಿ ಹೊರಟು, ಹದಿನೈದು ದಿನ ನಡೆದು, ಕಾಯಿದೆಯನ್ನು ಮುರಿದು ಉಪ್ಪು ಎತ್ತಿದ ನೆಲವಿದು. ಅದೇ ಏಪ್ರಿಲಿನಲ್ಲಿ ನಮ್ಮ ಅಂಕೋಲೆಯಲ್ಲೂ ಉಪ್ಪು ಎತ್ತಿದರು. ಮೊಮ್ಮಗಳಿಗೆ ಇದನ್ನು ವಿವರಿಸಲು ತೊಡಗಿದೆನು. ಅವಳಿಗೆ ಹನ್ನೆರಡು ವರ್ಷ; ಪಾಠಪುಸ್ತಕದಲ್ಲಿ ಓದಿದ್ದಾಳೆ. ದಂಡೀಯಾತ್ರೆಯಲ್ಲಿ ನಡೆದ ಮೈಲಿಗಳ ಲೆಕ್ಕವನ್ನು ನನಗೇ ಕಲಿಸಿಕೊಟ್ಟಳು. ನಾನು ಸುಮ್ಮನಾದೆನು.

ಕೋಡಿಯಕ್ಕರೆ ಎಂಬ ಹೆಸರನ್ನು ಕುರಿತು ಎರಡು ಮಾತು ಹೇಳಬೇಕು. ಭಾಷೆಯ ಗೀಳಿರುವ ವಾಚಕರು ನಮ್ಮಲ್ಲಿ ಹಲವರಿದ್ದಾರೆ. ತಮಿಳಿನಲ್ಲಿ ‘ಕೋಡಿ’ಯೆಂದರೆ ತುದಿ; ‘ಕರೈ’ಯೆಂದರೆ ದಡ. ನಮ್ಮ ಹಳಗನ್ನಡದಲ್ಲಿಯೂ ‘ಕರೆ’ಯೆಂದರೆ ದಡವೇ. ನನ್ನ ಮನೆಯಾಕೆಯ ತೌರೂರು ಕುಂದಾಪುರ. ಅಲ್ಲಿ ಹೊಳೆಯು ಕಡಲನ್ನು ಕೂಡುವೆಡೆಯಲ್ಲಿ ನೆಲವು ನಾಲಗೆಯಂತೆ ಚಾಚಿಕೊಂಡಿರುವ ಜಾಗಕ್ಕೆ ಕೋಡಿ ಎಂದೇ ಹೆಸರು. ಧನುಷ್ಕೋಡಿಯಂತೂ ಎಲ್ಲರೂ ಬಲ್ಲುದೇ. “ಇಷ್ಟು ದೂರ ಬಂದು ನಮ್ಮ ಕೋಡಿಯನ್ನೇ ನೋಡಬೇಕಾಯಿತೆ?” ಎಂದು ಆಕೆಯು ಕೇಳಿದಳು, ಕೇಳಿದ ರೀತಿಯಲ್ಲಿ ಅಸಮಾಧಾನಕ್ಕಿಂತ ಹೆಮ್ಮೆಯೇ ಹೆಚ್ಚಾಗಿದ್ದಿತು.

ಇಂಗ್ಲಿಷಿನವರು ಇದನ್ನು ಪಾಯಿಂಟ್ ಕ್ಯಾಲಿಮೇರ್ ಎಂದು ಕರೆದರು. ಭೂಶಿರವೆಂದೊಡನೆ ನಾವು ಬಂಡೆಗಳನ್ನೂ, ಪ್ರಪಾತವನ್ನೂ, ಕೆಳಗೆ ನೊರೆಯುಗುಳುವ ಅಲೆಗಳನ್ನೂ ಊಹಿಸುತ್ತೇವೆ. ಇಲ್ಲಿ ಅದೊಂದೂ ಇಲ್ಲ. ಉತ್ತರದಿಂದ ನೆಟ್ಟಗೆ ಇಳಿದು ಬಂದ ಕರಾವಳಿಯು ಈ ಒಂದು ಮೂಲೆಯಲ್ಲಿ ಹಠಾತ್ತಾಗಿ ಪಡುವಣಕ್ಕೆ ತಿರುಗುತ್ತದೆ. ಮೂಡಲಲ್ಲಿ ಬಂಗಾಳಕೊಲ್ಲಿ, ತೆಂಕಲಲ್ಲಿ ಪಾಕ್ ಜಲಸಂಧಿ, ಅದರ ಆಚೆಗೆ ಲಂಕೆ. ನೆಲವು ಹರಿವಾಣದಂತೆ ಚಪ್ಪಟೆ. ಇಡೀ ಪ್ರದೇಶದಲ್ಲಿ ಎತ್ತರವಾದ ಜಾಗವೆಂದರೆ ರಾಮರ ಪಾದವೆಂಬ ಒಂದು ದಿಬ್ಬ. ಕಡಲಿಗಿಂತ ಕೆಲವೇ ಮೀಟರು ಮೇಲಿದೆ. ಶ್ರೀರಾಮನು ಲಂಕೆಯ ಕಡೆಗೆ ನೋಡುತ್ತ ಇಲ್ಲಿ ನಿಂತನಂತೆ. ಅವನ ಪಾದದ ಗುರುತನ್ನು ಕಲ್ಲಿನಲ್ಲಿ ಕಡೆದು ಗುಡಿ ಕಟ್ಟಿದ್ದಾರೆ. ಕಡಲಂಚಿನಲ್ಲಿ ಚೋಳರ ಕಾಲದ್ದೆಂದು ಹೇಳುವ ಇಟ್ಟಿಗೆಯ ದೀಪಸ್ತಂಭವೊಂದರ ಮೊಂಡು ಭಾಗವಿದ್ದಿತು. ೨೦೦೪ನೆಯ ಡಿಸೆಂಬರ್ ೨೬ರ ಸುನಾಮಿಯ ಅಲೆಗಳಿಗೆ ಅದು ಸಿಕ್ಕಿ ಹಾಳಾಯಿತು.

ಈ ನೆಲದ ಕಾಡು ಕೂಡ ನಾವು ಮಲೆನಾಡಿನ ಮಗ್ಗುಲಿನವರು ಕಾಡೆಂದು ಕರೆಯುವಂಥದಲ್ಲ. ವರ್ಷದಲ್ಲಿ ಬಹುಕಾಲ ಮಳೆಯಿಲ್ಲದಿದ್ದರೂ ಎಲೆಯುದುರಿಸದೆ ಹಸುರಾಗಿಯೇ ಇರುವ ಕುಳ್ಳು ಮರಗಳ ಕಾಡು ಇದು. ಗಾಳಿಗೆ ಹೆದರಿ ತಲೆ ತಗ್ಗಿಸಿಕೊಂಡಂತೆ ಮರಗಳೆಲ್ಲ ಒಂದೇ ಎತ್ತರಕ್ಕೆ ನಿಂತಿವೆ. ನಡುನಡುವೆ ಹುಲ್ಲಿನ ಬಯಲು, ಕೆಸರು, ಉಪ್ಪುನೀರಿನ ಹಿನ್ನೀರು. ಕೃಷ್ಣಮೃಗಗಳ ರಕ್ಷಣೆಗಾಗಿ ೧೯೬೭ರಲ್ಲಿ ಇದನ್ನು ಅಭಯಾರಣ್ಯವಾಗಿ ಮಾಡಿದರು. ೨೦೦೨ರಲ್ಲಿ ಇದೂ ಇದನ್ನು ಸುತ್ತಿದ ಜೌಗುನೆಲವೂ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದುವು. ಚಳಿಗಾಲದಲ್ಲಿ ಉತ್ತರದೇಶಗಳಿಂದ ಹಕ್ಕಿಗಳು ಬಂದಿಳಿಯುತ್ತವೆ. ಸಲೀಂ ಅಲಿಯವರೂ ಮುಂಬಯಿಯ ನಿಸರ್ಗೇತಿಹಾಸ ಸಂಘದವರೂ ಇಲ್ಲಿಯೇ ಕುಳಿತು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಪ್ರಯಾಣವನ್ನು ಅಭ್ಯಾಸ ಮಾಡಿದರು. ನಾವು ಹೋದಾಗ ದೂರದ ಕೆಸರಿನಲ್ಲಿ ರಾಜಹಂಸಗಳ ಗುಂಪು ನಸುಗೆಂಪು ಗೆರೆಯೆಳೆದಂತೆ ಕಾಣುತ್ತಿದ್ದಿತು. ಮೊಮ್ಮಗನಿಗೆ ಅವುಗಳ ಮೇಲೆ ಗಮನವೇ ಇರಲಿಲ್ಲ. “ಕುದುರೆ ಎಲ್ಲಿ? ಕುದುರೆ ಎಲ್ಲಿ?” ಎಂಬುದೊಂದೇ ಜಪ.

ಕಾವಲುಗಾರರೊಬ್ಬರು ನಮ್ಮೊಡನೆ ಬಂದರು. ಐವತ್ತರ ಮೇಲಿನ ವಯಸ್ಸು, ಮಾತು ಕಡಮೆ. ಒಂದು ತಿರುವಿನಲ್ಲಿ ಕೈಯೆತ್ತಿ ವಾಹನವನ್ನು ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ಬಯಲಿನ ಕಡೆಗೆ ತೋರಿಸಿದರು.

ಏಳು ಕುದುರೆಗಳಿದ್ದುವು. ನಾವು ಚಿತ್ರಗಳಲ್ಲಿ ಕಾಣುವ, ಕೇಸರ ಕೆದರಿ ಮುಂಗಾಲೆತ್ತಿದ ಅಶ್ವಗಳಲ್ಲ. ತಟ್ಟುಗಳು, ನನ್ನ ಎದೆಯೆತ್ತರ ಬಂದಾವು. ಹೊಟ್ಟೆ ದಪ್ಪ, ಕಾಲು ಮೋಟು, ಕೇಸರದಲ್ಲಿ ಮುಳ್ಳುಕಸ. ಮೂರು ಕಂದು ಬಣ್ಣದವು. ಒಂದು ಕೊಳೆಯಾದ ಬಿಳಿ. ಉಳಿದುವು ಕೆಸರು ಮೆತ್ತಿಕೊಂಡು ಯಾವ ಬಣ್ಣವೆಂದು ಹೇಳುವಂತಿರಲಿಲ್ಲ. ಒಂದು ಹೆಣ್ಣಿನ ಪಕ್ಕದಲ್ಲಿ ಮರಿಯೊಂದು ತನ್ನ ಉದ್ದುದ್ದ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಿತು. ಗುಂಪಿನ ಗಂಡು ತುಸು ದೂರದಲ್ಲಿದ್ದು, ತಲೆಯೆತ್ತಿ ನಮ್ಮನ್ನು ನೋಡಿ, ನಾವು ಅಷ್ಟೇನೂ ಮುಖ್ಯರಲ್ಲವೆಂದು ನಿಶ್ಚಯಿಸಿದಂತೆ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಬೆನ್ನಿನ ಮೇಲೆ ಗೊರವಂಕ, ಕಾಲಿನ ಬಳಿ ಬೆಳ್ಳಕ್ಕಿ. ಆಮೇಲೆ ಅವು ನಿಧಾನವಾಗಿ ನಮ್ಮ ಮುಂದೆಯೇ ದಾರಿಯನ್ನು ದಾಟಿ ಆಚೆಯ ನೀರಿಗಿಳಿದುವು. ಏಳು ಕುದುರೆಗಳು ದಾಟಿದರೂ ಸಪ್ಪಳವಿಲ್ಲ. ಮರಳಿನ ಮೇಲೆ ಲಾಳವಿಲ್ಲದ ಗೊರಸು ಸದ್ದು ಮಾಡುವುದಿಲ್ಲ. ಆ ನಿಶ್ಶಬ್ದವು ನನ್ನನ್ನು ತಟ್ಟಿತು.

ಮೊಮ್ಮಗನು ಕಾವಲುಗಾರರನ್ನು ತನಗೆ ಬರುವ ತಮಿಳಿನಲ್ಲಿ, “ಇವುಗಳ ಯಜಮಾನರು ಯಾರು?” ಎಂದು ಕೇಳಿದನು. ಅವರು ನಕ್ಕು, “ಯಾರೂ ಇಲ್ಲ ತಂಬಿ. ಹಿಂದೆ ಯಾರೋ ಇದ್ದರು, ಬಿಟ್ಟುಹೋದರು” ಎಂದರು.

ವಿಷಯವು ಅಷ್ಟೇ. ಇವನ್ನು ಕಾಡುಕುದುರೆಗಳೆಂದು ನಾವು ಕರೆಯುತ್ತೇವೆಯೇ ಹೊರತು ಇವು ಹುಟ್ಟುಕಾಡಿನವಲ್ಲ. ಜನರು ಸಾಕಿ, ಹೇರು ಹೊರಿಸಿ, ಬಂಡಿಗೆ ಹೂಡಿ, ಬೇಡವಾದಾಗ ಬಿಟ್ಟ ತಟ್ಟುಗಳ ಸಂತತಿ. ನಮ್ಮ ದಕ್ಷಿಣದೇಶಕ್ಕೆ ಕುದುರೆಯೇ ಹೊರಗಿನದು. ಕಾವೇರಿಪಟ್ಟಣಕ್ಕೆ ಕಡಲ ಮೇಲೆ ಕುದುರೆಗಳು ಬರುತ್ತಿದ್ದುದನ್ನು ಪಟ್ಟಿನಪ್ಪಾಲೈ ಎಂಬ ಹಳೆಯ ತಮಿಳು ಕಾವ್ಯವು ಹೇಳುತ್ತದೆ. ಹದಿಮೂರನೆಯ ಶತಮಾನದಲ್ಲಿ ಈ ಕರಾವಳಿಗೆ ಬಂದ ಮಾರ್ಕೊ ಪೋಲೋ, ಇಲ್ಲಿಯ ಅರಸರು ವರ್ಷವರ್ಷವೂ ಸಾವಿರಗಟ್ಟಲೆ ಕುದುರೆಗಳನ್ನು ತರಿಸುತ್ತಾರೆ, ಅವುಗಳನ್ನು ನೋಡಿಕೊಳ್ಳುವ ಕ್ರಮ ತಿಳಿಯದೆ ಹೆಚ್ಚಿನವು ಸತ್ತುಹೋಗುತ್ತವೆ ಎಂದು ಬರೆದಿದ್ದಾನೆ. ವಿಜಯನಗರದ ಕುದುರೆಗಳೂ ನಮ್ಮ ಭಟ್ಕಳದ ರೇವಿನಲ್ಲಿ ಹಡಗಿನಿಂದಿಳಿದು ಘಟ್ಟ ಹತ್ತಿದುವು. ಅಷ್ಟು ಬೆಲೆ ಕೊಟ್ಟು, ಅಷ್ಟು ದೂರದಿಂದ ತಂದ ಪ್ರಾಣಿಯ ಜಾತಿಯು ಕೊನೆಗೆ ಬೆಲೆಯೇ ಇಲ್ಲದೆ ಇಲ್ಲಿ ಕಡಲ ಮೂಲೆಯಲ್ಲಿ ಹುಲ್ಲು ಮೇಯುತ್ತಿದೆ.

ಇನ್ನು ನನ್ನ ಮನಸ್ಸು ಹಿಂದೆಗೆಯುವ ಕಾರಣವನ್ನು ಹೇಳಿಬಿಡುವೆನು.

ನಮ್ಮ ತಂದೆಯವರು ವಕೀಲರು. ಮನೆಯಿಂದ ಕೋರ್ಟಿಗೂ ಹಳ್ಳಿಯ ಕಕ್ಷಿಗಾರರಲ್ಲಿಗೂ ಹೋಗಿಬರಲು ಸ್ವಂತದ ಜಟಕಾ ಗಾಡಿಯನ್ನಿಟ್ಟಿದ್ದರು. ಕುದುರೆಯ ಹೆಸರು ಚೆಲುವ. ಹೆಸರಿಗೆ ತಕ್ಕ ಚೆಲುವೇನೂ ಇರಲಿಲ್ಲ. ಮೂಗಿನ ಮೇಲೆ ಒಂದು ಬಿಳಿಯ ಪಟ್ಟೆ, ಅಷ್ಟೆ. ಹನ್ನೆರಡು ವರ್ಷ ಅದು ನಮ್ಮ ಮನೆಯಲ್ಲಿ ದುಡಿಯಿತು. ನಾನು ಶಾಲೆಗೆ ಹೋದುದು ಅದರ ಹಿಂದೆ. ನನ್ನ ಅಕ್ಕ ಗಂಡನ ಮನೆಗೆ ಹೊರಟುದು ಅದರ ಹಿಂದೆ. ಗಾಡಿ ಹೊಡೆಯುವ ಸಾಬರು ಸಂಜೆ ಅದರ ಮೈ ತಿಕ್ಕುವಾಗ ನೆನೆಸಿದ ಹುರುಳಿಯ ಬುಟ್ಟಿಯನ್ನು ಹಿಡಿದುಕೊಂಡು ನಿಲ್ಲುವುದು ನನ್ನ ಪಾಲಿನ ಕೆಲಸ. ಅಂಗೈಯಿಂದ ಹುರುಳಿಯನ್ನು ಎತ್ತಿಕೊಳ್ಳುವಾಗ ಅದರ ತುಟಿಯ ಮೃದುತನವು ಈಗಲೂ ಈ ಕೈಗೆ ನೆನಪಿದೆ.

೧೯೬೪ರಲ್ಲಿ ತಂದೆಯವರು ಹಳೆಯದೊಂದು ಫಿಯೆಟ್ ಕಾರನ್ನು ಕೊಂಡರು. ಗಾಡಿಯನ್ನು ಯಾರೋ ಕೊಂಡುಕೊಂಡರು. ಚೆಲುವನಿಗೆ ಗಿರಾಕಿ ಸಿಕ್ಕಲಿಲ್ಲ, ವಯಸ್ಸಾಗಿದ್ದಿತು. ಇಟ್ಟುಕೊಳ್ಳೋಣವೆಂದು ಸಾಬರು ಕೇಳಿಕೊಂಡರು. ಲಾಯವಿದ್ದ ಜಾಗದಲ್ಲಿ ಕಾರಿನ ಷೆಡ್ಡು ಏಳಬೇಕಾಗಿದ್ದಿತು. ತಂದೆಯವರು ಕ್ರೂರಿಗಳಲ್ಲ, ಇದನ್ನು ಮಗನ ಅಭಿಮಾನದಿಂದ ಹೇಳುತ್ತಿಲ್ಲ. ಆದರೆ ಯಾವುದನ್ನೂ ನ್ಯಾಯವೆಂದು ತೋರಿಸಬಲ್ಲ ವೃತ್ತಿ ಅವರದು. “ಹನ್ನೆರಡು ವರ್ಷ ದುಡಿದಿದೆ. ದೊಡ್ಡ ಕೆರೆಯ ಅಂಗಳದಲ್ಲಿ ಬೇಕಾದಷ್ಟು ಹುಲ್ಲಿದೆ. ಇನ್ನು ಸ್ವತಂತ್ರವಾಗಿರಲಿ” ಎಂದರು. ನಮ್ಮ ತಾಯಿಯವರು ಅವರ ಮಾತಿಗೆ ಎದುರಾಡಿದುದನ್ನು ನಾನು ಕೇಳಿದುದು ಅಪರೂಪ. ಅಂದು ಅಡಿಗೆಮನೆಯಿಂದಲೇ, “ಸ್ವತಂತ್ರವಾಗಿ ಮೇಯುವುದಕ್ಕೆ ಅದಕ್ಕೆ ಹಲ್ಲೆಲ್ಲಿದೆ?” ಎಂದರು.

ಸಾಬರು ಚೆಲುವನ ನಾಲ್ಕು ಲಾಳಗಳನ್ನೂ ಬಿಚ್ಚಿ, ಮೂರು ಮೈಲಿಯಾಚೆಯ ಕೆರೆಯಂಗಳದಲ್ಲಿ ಬಿಟ್ಟುಬಂದರು. ಮೂರನೆಯ ದಿನ ಬೆಳಿಗ್ಗೆ ನಾನು ಬಾಗಿಲು ತೆರೆದಾಗ ಅದು ಅಂಗಳದಲ್ಲಿ, ದಿನವೂ ಗಾಡಿಗೆ ಹೂಡುತ್ತಿದ್ದ ಜಾಗದಲ್ಲಿಯೇ, ಕೋರ್ಟಿನ ಹೊತ್ತಿಗೆ ಸಿದ್ಧವಾದಂತೆ ನಿಂತಿದ್ದಿತು. ಲಾಳವಿಲ್ಲದ ಕಾರಣ ಅದು ಬಂದುದು ಯಾರಿಗೂ ಕೇಳಿಸಿರಲಿಲ್ಲ. ತಾಯಿಯವರು ಹುರುಳಿ ಕೊಟ್ಟರು. ಸಾಬರು ಮತ್ತೆ ಕೊಂಡೊಯ್ದು ಇನ್ನೂ ದೂರ ಬಿಟ್ಟರು. ವಾರದ ಮೇಲೆ ಮತ್ತೆ ಬಂದಿತು. ಈ ಸಲ ಮೊಣಕಾಲು ಕಿತ್ತಿದ್ದಿತು. ಆ ಹೊತ್ತಿಗೆ ಅದು ಇನ್ನೂ ಗೇಟಿನ ಹೊರಗಿದ್ದಿತು. ತಂದೆಯವರು ಜಗಲಿಯ ಮೇಲಿಂದ ನೋಡಿ ನನ್ನನ್ನು ಕರೆದು, “ಹೋಗಿ ಗೇಟು ಹಾಕಿಕೊಂಡು ಬಾ. ಒಳಗೆ ಬಿಟ್ಟರೆ ಮತ್ತೆ ಅಭ್ಯಾಸವಾಗುತ್ತದೆ” ಎಂದರು.

ನನಗೆ ಆಗ ಹತ್ತು ವರ್ಷ. ಹೋಗಿ ಹಾಕಿದೆನು. ಚಿಲಕ ಬಿಗಿಯಾಗಿದ್ದುದರಿಂದ ಎರಡು ಕೈಯಿಂದಲೂ ಒತ್ತಬೇಕಾಯಿತು. ಅದು ನನ್ನ ಗುರುತು ಹಿಡಿದು ಸರಳುಗಳ ನಡುವೆ ಮೂಗು ತೂರಿಸಿತು. ಹುರುಳಿ ತಂದಿದ್ದೇನೆಂದು ಎಣಿಸಿತೋ ಏನೋ. ನಾನು ತಿರುಗಿ ನೋಡದೆ ಒಳಕ್ಕೆ ಬಂದೆನು. ಮಧ್ಯಾಹ್ನದವರೆಗೂ ಅದು ಅಲ್ಲೇ ನಿಂತಿತ್ತೆಂದು ಆಮೇಲೆ ತಿಳಿಯಿತು. ಸಂಜೆಗೆ ಇರಲಿಲ್ಲ. ಸಾಬರು ನಾಲ್ಕು ದಿನ ಹುಡುಕಿದರು. ಅನಂತರ ಅವರೂ ನಮ್ಮ ಮನೆಯ ಕಡೆಗೆ ಬರುವುದನ್ನು ಬಿಟ್ಟರು.

ಇದನ್ನು ನಾನು ಇಷ್ಟು ವರ್ಷವೂ ಮನೆಯಾಕೆಗೂ ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಷ್ಟು ದೊಡ್ಡ ಸಂಗತಿಯೆಂದು ಯಾರೂ ಒಪ್ಪಲಾರರೆಂಬ ಸಂಕೋಚ. ಹಗಲು ನೂರು ಕೆಲಸಗಳ ನಡುವೆ ಅದು ನೆನಪಾಗುವುದೂ ಇಲ್ಲ.

ಕಾವಲುಗಾರರು ಅಷ್ಟರಲ್ಲಿ ಇನ್ನೊಂದು ಬಯಲಿಗೆ ನಮ್ಮನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿ ಕೃಷ್ಣಮೃಗಗಳಿದ್ದುವು. ತಮಿಳರು ಇದನ್ನು ‘ವೆಳಿಮಾನ್’ ಎನ್ನುತ್ತಾರೆ, ಬಯಲಿನ ಜಿಂಕೆಯೆಂದರ್ಥ. ಹೆಸರೇ ಅದರ ಸ್ವಭಾವವನ್ನು ಹೇಳುತ್ತದೆ: ಅದಕ್ಕೆ ಮರ ಬೇಡ, ಪೊದೆ ಬೇಡ, ದೂರದವರೆಗೆ ಕಣ್ಣು ಹಾಯುವ ಹುಲ್ಲಿನ ಬಯಲೇ ಬೇಕು. ಗಂಡಿಗೆ ಮಾತ್ರ ಕಪ್ಪು ಬೆನ್ನು, ತಿರುಚಿದ ಕೊಂಬು. ಹೆಣ್ಣುಗಳು ತಿಳಿಗಂದು ಬಣ್ಣದವು. ನಮ್ಮನ್ನು ಕಂಡು ಒಂದು ಹೆಣ್ಣು ನಿಂತಲ್ಲಿಂದಲೇ ಮೇಲಕ್ಕೆ ಚಿಮ್ಮಿತು. ಹಿಂದೆಯೇ ಮತ್ತೊಂದು, ಮಗುದೊಂದು. ನೆಲವೇ ಅವನ್ನು ಎಸೆಯುತ್ತಿದೆಯೋ ಎಂಬಂತಿದ್ದಿತು. ಮಗಳು ಮಕ್ಕಳಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ನನ್ನ ಮನೆಯಾಕೆಯು, ಸೀತೆ ಕೇಳಿದ್ದರಲ್ಲಿ ಆಶ್ಚರ್ಯವೇನು, ತಾನಾದರೂ ಕೇಳುತ್ತಿದ್ದೆ ಎಂದಳು.

ಕಾವಲುಗಾರರ ಮಾತು ಇಲ್ಲಿ ತುಸು ಸಡಿಲವಾಯಿತು. ಅಳಿಯಂದಿರು ಕನ್ನಡಿಸಿ ಹೇಳಿದುದರ ಸಾರಾಂಶ ಇದು. ಈ ಜಿಂಕೆಗಳ ಬಯಲು ಎರಡು ಕಡೆಯಿಂದ ಸವೆಯುತ್ತಿದೆ. ಒಂದು ಕಡೆ ನಾವು ಬಳ್ಳಾರಿ ಜಾಲಿ ಎಂದು ಕರೆಯುವ ಹೊರದೇಶದ ಮುಳ್ಳುಮರವು ಹುಲ್ಲನ್ನು ನುಂಗುತ್ತ ಹಬ್ಬುತ್ತಿದೆ. ಇನ್ನೊಂದು ಕಡೆ ಕುದುರೆಗಳು. ಜಿಂಕೆಯು ಮೆಲುಕು ಹಾಕುವ ಪ್ರಾಣಿ. ತಿಂದ ಅಲ್ಪವನ್ನೇ ಮತ್ತೆ ಮತ್ತೆ ಅರೆದು ಸಾರವನ್ನೆಲ್ಲ ಹೀರಿಕೊಳ್ಳುತ್ತದೆ. ಕುದುರೆಗೆ ಆ ಶಕ್ತಿಯಿಲ್ಲ. ತಿಂದ ಹುಲ್ಲು ಬೇಗನೆ ಹೊಟ್ಟೆಯನ್ನು ದಾಟಿಹೋಗುವುದರಿಂದ ಹಗಲಿರುಳಿನ ಹೆಚ್ಚು ಪಾಲನ್ನು ಮೇಯುವುದರಲ್ಲಿಯೇ ಕಳೆಯಬೇಕು. ಮೇಲೂ ಕೆಳಗೂ ಬಾಚಿಹಲ್ಲುಗಳಿರುವುದರಿಂದ ಹುಲ್ಲನ್ನು ಬುಡದವರೆಗೆ ಕತ್ತರಿಸಬಲ್ಲುದು. ಒಂದು ತಟ್ಟು ತಿನ್ನುವ ಹುಲ್ಲಿನಲ್ಲಿ ಹಲವು ಜಿಂಕೆಗಳು ಬಾಳಬಹುದು. ಆದುದರಿಂದ, ಜಿಂಕೆಗಳಿಗಾಗಿ ಕಾದಿಟ್ಟ ಜಾಗದಲ್ಲಿ ಕುದುರೆಗಳಿಗೆ ಎಡೆಯಿರಬೇಕೆ ಎಂಬ ಪ್ರಶ್ನೆಯನ್ನು ಪ್ರಾಣಿಶಾಸ್ತ್ರಜ್ಞರು ಎತ್ತಿದ್ದಾರೆ.

ಅಳಿಯಂದಿರಿಗೆ ಇದು ಸುಲಭದ ಲೆಕ್ಕವಾಗಿ ತೋರಿತು. ಜಿಂಕೆ ಇಲ್ಲಿಯದು, ಬೇರೆಡೆಗಳಲ್ಲಿ ವಿರಳವಾಗುತ್ತಿದೆ. ಕುದುರೆ ಹೊರಗಿನದು, ಲೋಕದಲ್ಲಿ ಅದಕ್ಕೆ ಬರವಿಲ್ಲ. ಹಿಡಿದು ಬೇರೆ ಕಡೆಗೆ ಸಾಗಿಸಬೇಕು ಎಂದರು. ಅವರ ತರ್ಕದಲ್ಲಿ ದೋಷವನ್ನು ನಾನು ಕಾಣಲಿಲ್ಲ, ಈಗಲೂ ಕಾಣೆನು. “ಬೇರೆ ಕಡೆ ಎಂದರೆ ಎಲ್ಲಿಗೆ?” ಎಂದು ಮಾತ್ರ ಕೇಳಿದೆನು. ಅವರು ಉತ್ತರ ಹೇಳಲಿಲ್ಲ. ಮೊಮ್ಮಗಳು, ಕುದುರೆಗಳನ್ನು ಕೇಳಿಯೇ ಅವನ್ನು ಇಲ್ಲಿ ಬಿಟ್ಟರೆ ಎಂದಳು. ವಕೀಲರ ಮೊಮ್ಮಗನಾಗಿ ಹುಟ್ಟಬೇಕಾದವನ ಸ್ಥಾನದಲ್ಲಿ ಇವಳು ಮರಿಮಗಳಾಗಿ ಹುಟ್ಟಿದ್ದಾಳೆಂದುಕೊಂಡೆನು. ನನ್ನ ಮಟ್ಟಿಗೆ ಹೇಳುವುದಾದರೆ, ಈ ವ್ಯಾಜ್ಯದಲ್ಲಿ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ನಾನು ಪ್ರತಿವಾದಿಗಳ ಪೈಕಿ ಒಬ್ಬ.

೨೦೧೮ರ ನವೆಂಬರ್ ೧೬ರ ನಸುಕಿನಲ್ಲಿ ‘ಗಜ’ವೆಂಬ ಚಂಡಮಾರುತವು ನಾಗಪಟ್ಟಣಕ್ಕೂ ವೇದಾರಣ್ಯಕ್ಕೂ ನಡುವೆ ನೆಲವನ್ನು ಹೊಕ್ಕಿತು. ಆ ಮಾತು ಬಂದಾಗ ಕಾವಲುಗಾರರು ಬಯಲನ್ನು ಬಿಟ್ಟು ಕಡಲ ಕಡೆಗೆ ತಿರುಗಿ ನಿಂತರು. ಕಾಡಿನ ಮರಗಳು ಮುರಿದುಬಿದ್ದುವು. ಜಿಂಕೆಗಳೂ ಕುದುರೆಗಳೂ ಸತ್ತು, ಕಳೇಬರಗಳು ಕರಾವಳಿಯುದ್ದಕ್ಕೂ ದಡಕ್ಕೆ ಬಂದುವು. ಇದು ಜಿಂಕೆ, ಇದು ಕುದುರೆ ಎಂದು ಬೇರ್ಪಡಿಸಿ ಅಳಲು ಆಗ ಯಾರಿಗೂ ಆಗಲಿಲ್ಲ ಎಂದು ಅವರು ಹೇಳಿದರಂತೆ. ಅಳಿಯಂದಿರು ಈ ಮಾತನ್ನು ನನಗೆ ಆಗಲೇ ಕನ್ನಡಿಸಲಿಲ್ಲ. ಹಿಂದಿರುಗುವಾಗ ದಾರಿಯಲ್ಲಿ ಹೇಳಿದರು.

ಮಧ್ಯಾಹ್ನ ಬುತ್ತಿ ಬಿಚ್ಚಿದೆವು. ಪುಳಿಯೋಗರೆ ಮುಗಿಯುವವರೆಗೆ ತಾಳ್ಮೆಯಿಂದಿದ್ದ ಕೋತಿಗಳು ಮೊಸರನ್ನದ ಡಬ್ಬಿ ತೆರೆದೊಡನೆ ಮುತ್ತಿಗೆ ಹಾಕಿದುವು. ಒಂದು ದೊಡ್ಡ ಗಂಡುಕೋತಿಯು ಉಪ್ಪಿನಕಾಯಿಯ ಶೀಸೆಯನ್ನು ಕಸಿದುಕೊಂಡು ಮರವೇರಿ, ಅದನ್ನು ಮೂಸಿ ನೋಡಿ, ಮುಖ ಸಿಂಡರಿಸಿಕೊಂಡು ಕೆಳಕ್ಕೆ ಹಾಕಿಬಿಟ್ಟಿತು. ಉಪ್ಪಿನಕಾಯಿ ಹೋದುದಕ್ಕಿಂತ ಕೋತಿಯು ಮುಖ ಸಿಂಡರಿಸಿದುದೇ ಮನೆಯಾಕೆಗೆ ಹೆಚ್ಚು ನೋವಾಯಿತು. ಆಮೇಲೆ ಕಡಲಿಗೆ ಹೋದೆವು. ಬೆಸ್ತರು ಮೀನು 
ಒಣಹಾಕಿದ್ದರು. ಅಲೆಗಳು ಚಿಕ್ಕವು, ನೀರು ಕದಡಿದ್ದಿತು. ಮಕ್ಕಳು ಕಾಲು ನೆನೆಸಿಕೊಂಡರು. ನಾನು ಮರಳಿನ ಮೇಲೆ ಕುಳಿತೆನು.

ಹೊರಡುವ ಮುನ್ನ ಇನ್ನೊಂದು ಸಾರಿ ಕುದುರೆಗಳನ್ನು ತೋರಿಸಬೇಕೆಂದು ಮೊಮ್ಮಗನು ಹಠ ಹಿಡಿದನು. ಸಂಜೆಯ ಬೆಳಕಿನಲ್ಲಿ, ಚೆಕ್‌ಪೋಸ್ಟಿಗೆ ಸ್ವಲ್ಪ ಈಚೆಗೆ, ಒಂದೇ ಒಂದು ಕುದುರೆ ದಾರಿಯ ಅಂಚಿನಲ್ಲಿ ನಿಂತಿದ್ದಿತು. ಮುದಿ ಗಂಡು. ಗುಂಪಿನಿಂದ ಬೇರೆಯಾದುದು, ಎಳೆಯ ಗಂಡೊಂದು ಓಡಿಸಿರಬೇಕು. ಪಕ್ಕೆಲುಬುಗಳು ಎಣಿಸುವಂತಿದ್ದುವು. ನಾನು ಕಾರಿನಿಂದ ಇಳಿದೆನು. ಇಳಿಯಬಾರದೆಂದು ನಿಯಮ, ಕಾವಲುಗಾರರು ಏನೋ ಹೇಳಲು ಬಾಯಿ ತೆರೆದು, ನನ್ನ ನರೆಗೂದಲನ್ನು ನೋಡಿಯೋ ಏನೋ ಸುಮ್ಮನಾದರು. ನಾನು ಹತ್ತಿರ ಹೋಗಲಿಲ್ಲ. ಬರಿಯ ಕೈಯನ್ನು ಚಾಚುವುದು ಸರಿಯಾಗಿ ತೋರಲಿಲ್ಲ. ಅದು ನನ್ನನ್ನು ಒಂದು ಕ್ಷಣ ನೋಡಿ, ಬಾಲವನ್ನು ಬೀಸಿ, ಕಾಡಿನೊಳಕ್ಕೆ ನಡೆದುಹೋಯಿತು. ಮನುಷ್ಯನಿಂದ ಅದಕ್ಕೆ ಏನೂ ಬೇಕಾಗಿರಲಿಲ್ಲ.

ಕಾರಿನಲ್ಲಿ ಕುಳಿತ ಮೇಲೆ ಮನೆಯಾಕೆ, “ಏನಾಯಿತು ನಿಮಗೆ?” ಎಂದು ಕೇಳಿದಳು. ಆಗ ಹೇಳಿದೆನು. ಚೆಲುವನ ವಿಷಯ, ಕಾರಿನ ಷೆಡ್ಡಿನ ವಿಷಯ, ಗೇಟಿನ ವಿಷಯ. ತಿರುತ್ತುರೈಪೂಂಡಿ ಬರುವವರೆಗೆ ಹೇಳಿದೆನು. ಆಕೆ ಏನೂ ಅನ್ನಲಿಲ್ಲ. ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ ನನ್ನ ಕೈಗೆ ಕೊಟ್ಟಳು. ಮಗಳು ಮುಂದಿನ ಸೀಟಿನಿಂದ ಹಿಂದಿರುಗಿ ನನ್ನನ್ನು ನೋಡಿ ಮತ್ತೆ ಮುಂದಕ್ಕೆ ತಿರುಗಿದಳು. ಅವಳು ಕಂಡಿದ್ದ ತಾತ ಬೇರೆ. ಮಡಿಲಲ್ಲಿ ಕೂರಿಸಿಕೊಂಡು ಕಲ್ಲುಸಕ್ಕರೆ ಕೊಡುತ್ತಿದ್ದವರು.

ನಿದ್ರೆ ಹೋಗಿದ್ದಾನೆಂದುಕೊಂಡಿದ್ದ ಮೊಮ್ಮಗನು ಎದ್ದು ಕುಳಿತು, “ಆಮೇಲೆ ಚೆಲುವ ಎಲ್ಲಿಗೆ ಹೋಯಿತು, ತಾತ?” ಎಂದನು.

“ಗೊತ್ತಾಗಲಿಲ್ಲ, ಮಗು.”

ಅವನು ಸ್ವಲ್ಪ ಹೊತ್ತು ಯೋಚಿಸಿದನು. “ನಿಮ್ಮೂರಿನ ಹೊಳೆಯ ನೀರು ಇಲ್ಲಿಗೆ ಬರುತ್ತದೆಂದು ಬೆಳಿಗ್ಗೆ ಹೇಳಿದಿರಲ್ಲ. ಹೊಳೆಯ ದಂಡೆಯನ್ನೇ ಹಿಡಿದು ನಡೆದರೆ ದಾರಿ ತಪ್ಪುವುದಿಲ್ಲ. ಕುಡಿಯುವುದಕ್ಕೆ ನೀರೂ ಇರುತ್ತದೆ, ಹುಲ್ಲೂ ಇರುತ್ತದೆ.”

“ಅದಕ್ಕೆ ಹಲ್ಲಿರಲಿಲ್ಲವಂತೆ, ಕೇಳಿಸಲಿಲ್ಲವೆ?” ಎಂದಳು ಅವನ ಅಕ್ಕ.

“ನೀರಿನ ಹತ್ತಿರದ ಹುಲ್ಲು ಮೆತ್ತಗಿರುತ್ತದೆ.”

“ಕನ್ನಂಬಾಡಿ ಕಟ್ಟೆ ಬರುತ್ತದೆ, ಮೆಟ್ಟೂರು ಕಟ್ಟೆ ಬರುತ್ತದೆ. ಹೇಗೆ ದಾಟುತ್ತದೆ?”

ಅವನು ಅಪ್ಪನನ್ನು ಕೇಳಿದನು: ಕಟ್ಟೆಗಳ ಮೇಲೆ ಕುದುರೆ ನಡೆಯುವಷ್ಟು ಅಗಲ ದಾರಿ ಇದೆಯೆ? ಇದೆಯೆಂದು ಅಳಿಯಂದಿರು ಹೇಳಿದರು. ಕಾವಲಿನವರು ಬಿಡುವುದಿಲ್ಲ ಎಂದಳು ಮೊಮ್ಮಗಳು. ರಾತ್ರಿಯ ಹೊತ್ತು ದಾಟಿದರೆ ಯಾರಿಗೂ ಕೇಳಿಸುವುದಿಲ್ಲ, ಅದಕ್ಕೆ ಲಾಳವಿರಲಿಲ್ಲವಲ್ಲ ಎಂದನು ಅವನು. ಮನ್ನಾರುಗುಡಿಯ ದೀಪಗಳು ಕಾಣುವವರೆಗೂ ಅವರ ವಾದವು ನಡೆಯುತ್ತಲೇ ಇದ್ದಿತು.